ಔಷಧ ಆಯ್ಕೆಗೆ ವಂಶವಾಹಿ ಪರೀಕ್ಷೆ: ಯಾರಿಗೆ ಬೇಕು, ಯಾವಾಗ ಬೇಕು?

ಪ್ರಶ್ನೆ: ನನ್ನ ತಂದೆಯವರಿಗೆ 63 ವರ್ಷ, ಸಕ್ಕರೆ ಕಾಯಿಲೆ ಇದೆ. ಐದು ವಾರಗಳ ಹಿಂದೆ ಹೃದಯಾಘಾತವಾಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್ ಜೊತೆಗೆ ದಿನಕ್ಕೊಂದು ಕ್ಲೊಪಿಡೊಗ್ರೆಲ್ 75 ಮಿಲಿಗ್ರಾಂ ಮಾತ್ರೆ ನಡೆಯುತ್ತಿದೆ. ಈ ಮಾತ್ರೆ ನಮ್ಮವರಲ್ಲಿ ಬಹಳ ಮಂದಿಗೆ ಕೆಲಸವೇ ಮಾಡುವುದಿಲ್ಲ, ಡಿಎನ್ಎ ಪರೀಕ್ಷೆ ಮಾಡಿಸದೆ ತೆಗೆದುಕೊಳ್ಳಬಾರದು ಎಂದು ಹೊರದೇಶದಲ್ಲಿರುವ ಅಣ್ಣ ಹೇಳುತ್ತಿದ್ದಾನೆ. ಅದನ್ನು ಕೇಳಿದಾಗಿನಿಂದ ಅಪ್ಪ ಮಾತ್ರೆ ನುಂಗಲು ಹಿಂದೆಮುಂದೆ ನೋಡುತ್ತಿದ್ದಾರೆ. ಏನು ಮಾಡಬೇಕು?
— ದಾವಣಗೆರೆಯ ಓದುಗರು

ಉತ್ತರ: ಎಲ್ಲಕ್ಕಿಂತ ಮೊದಲು, ತಂದೆಯವರು ಇವತ್ತಿನ ಮಾತ್ರೆಯನ್ನು ತಪ್ಪಿಸಬಾರದು. ಹೊಸದಾಗಿ ಕೂರಿಸಿದ ಸ್ಟೆಂಟ್‌ನ ಲೋಹದ ಜಾಲರಿಯ ಮೇಲೆ ರಕ್ತನಾಳದ ಒಳಪದರ ಬೆಳೆದು ಮುಚ್ಚಿಕೊಳ್ಳಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಅದರೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯವಿರುತ್ತದೆ ಮತ್ತು ಹಾಗೆ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು. ಮಾತ್ರೆಯ ಪರಿಣಾಮ ಕಡಿಮೆಯಿರಬಹುದೆಂಬ ಸಂಶಯದಿಂದ ಅದನ್ನು ಪೂರ್ತಿಯಾಗಿ ನಿಲ್ಲಿಸುವುದು, ಸೋರುವ ಛಾವಣಿಯನ್ನು ಮಳೆಗಾಲದಲ್ಲಿ ಕಿತ್ತುಹಾಕಿದಂತೆ. ಬದಲಿಸಬೇಕಾದರೆ ಹೃದ್ರೋಗ ತಜ್ಞರೇ ಬದಲಿಸಬೇಕು. ಹಳೆಯ ಮಾತ್ರೆಯಿಂದ ಹೊಸದಕ್ಕೆ ಹೋಗುವಾಗ ಮೊದಲ ಡೋಸ್ ಎಷ್ಟಿರಬೇಕು ಎಂಬುದಕ್ಕೂ ಲೆಕ್ಕವಿದೆ.

ನಿಮ್ಮ ಅಣ್ಣನವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಕ್ಲೊಪಿಡೊಗ್ರೆಲ್ ನುಂಗಿದ ರೂಪದಲ್ಲಿಯೇ ಕೆಲಸ ಮಾಡುವ ಔಷಧವಲ್ಲ. ಅದರ ಸುಮಾರು ಶೇ 85 ಭಾಗ ಯಾವ ಉಪಯೋಗಕ್ಕೂ ಬಾರದೆ ದೇಹದಲ್ಲಿ ಒಡೆದುಹೋಗುತ್ತದೆ. ಉಳಿದ ಅಲ್ಪ ಭಾಗವನ್ನು ಯಕೃತ್ತಿನ ಕಿಣ್ವಗಳು ಎರಡು ಹಂತಗಳಲ್ಲಿ ಸಕ್ರಿಯ ರೂಪಕ್ಕೆ ತರುತ್ತವೆ. ಆ ಸಕ್ರಿಯ ರೂಪವೇ ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಂಡು, ಅವು ಒಂದಕ್ಕೊಂದು ಸೇರಿ ಗಡ್ಡೆಯಾಗದಂತೆ ತಡೆಯುತ್ತದೆ. ಈ ಕೆಲಸದಲ್ಲಿ ಮುಖ್ಯ ಪಾತ್ರ ವಹಿಸುವ ಕಿಣ್ವದ ಹೆಸರು ಸಿವೈಪಿ2ಸಿ19. ಅದನ್ನು ತಯಾರಿಸುವ ವಂಶವಾಹಿಯ ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬರುತ್ತದೆ. ಎರಡೂ ಪ್ರತಿಗಳು ಕೆಲಸ ಮಾಡದವಾದರೆ ಮಾತ್ರೆಯಿಂದ ಸಿಗಬೇಕಾದ ರಕ್ಷಣೆ ಬಹಳಷ್ಟು ಕುಗ್ಗುತ್ತದೆ. ಒಂದು ಮಾತ್ರ ಕೆಲಸ ಮಾಡದಿದ್ದರೆ ನಡುವಿನ ಸ್ಥಿತಿ.

ಇಂಥ ಕೆಲಸ ಮಾಡದ ಪ್ರತಿಗಳು ದಕ್ಷಿಣ ಏಷ್ಯಾದವರಲ್ಲಿ ಯುರೋಪಿಯನ್ನರಿಗಿಂತ ಬಹಳ ಹೆಚ್ಚು. ಯುರೋಪ್ ಮೂಲದವರಲ್ಲಿ ಎರಡೂ ಪ್ರತಿ ನಿಷ್ಕ್ರಿಯವಾಗಿರುವವರು ನೂರಕ್ಕೆ ಸುಮಾರು ಇಬ್ಬರಾದರೆ, ಭಾರತೀಯರಲ್ಲಿ ಹತ್ತಕ್ಕೆ ಸುಮಾರು ಒಬ್ಬರು. ಬ್ರಿಟನ್ನಿನಲ್ಲಿ ನೆಲೆಸಿರುವ ಬಾಂಗ್ಲಾದೇಶ ಮತ್ತು ಪಾಕಿಸ್ತಾನ ಮೂಲದವರ ದೊಡ್ಡ ಅಧ್ಯಯನವೊಂದರಲ್ಲಿ ಕನಿಷ್ಠ ಒಂದು ನಿಷ್ಕ್ರಿಯ ಪ್ರತಿ ಇದ್ದವರ ಪ್ರಮಾಣ ಶೇ 57 ಎಂದು ಕಂಡುಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿಯೇ ಈ ಔಷಧದ ಮಾಹಿತಿ ಪತ್ರದಲ್ಲಿ ಚೌಕಟ್ಟಿನೊಳಗಿನ ಎಚ್ಚರಿಕೆಯನ್ನು ಸೇರಿಸಿತು. 2024ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯು ಪಾರ್ಶ್ವವಾಯುವಿನ ನಂತರ ಕ್ಲೊಪಿಡೊಗ್ರೆಲ್ ಕೊಡುವ ಮುನ್ನ ಈ ಪರೀಕ್ಷೆ ಮಾಡಬೇಕೆಂದು ಶಿಫಾರಸು ಮಾಡಿತು.

ಹಾಗಾದರೆ ಸ್ಟೆಂಟ್ ಹಾಕಿಸಿಕೊಂಡವರೆಲ್ಲರಿಗೂ ಪರೀಕ್ಷೆ ಏಕಿಲ್ಲ? 2020ರಲ್ಲಿ ಪ್ರಕಟವಾದ ಟೇಲರ್-ಪಿಸಿಐ ಎಂಬ ಪ್ರಯೋಗವು ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. ನಿಷ್ಕ್ರಿಯ ಪ್ರತಿ ಇದ್ದವರಲ್ಲಿ, ಪರೀಕ್ಷೆ ನೋಡಿ ಔಷಧ ಬದಲಿಸಿದ ಗುಂಪಿನ ಶೇ 4ರಷ್ಟು ಮಂದಿಗೆ ಒಂದು ವರ್ಷದೊಳಗೆ ಹೃದಯಾಘಾತ, ಪಾರ್ಶ್ವವಾಯು, ಸಾವು ಮೊದಲಾದ ತೊಂದರೆಗಳಾದರೆ, ಎಂದಿನಂತೆ ಕ್ಲೊಪಿಡೊಗ್ರೆಲ್ ಪಡೆದ ಗುಂಪಿನಲ್ಲಿ ಆ ಪ್ರಮಾಣ ಶೇ 5.9 ಆಗಿತ್ತು. ಅಂತರ ಕಣ್ಣಿಗೆ ಕಾಣುತ್ತದೆ, ಆದರೆ ಸಂಶೋಧಕರು ಮೊದಲೇ ನಿಗದಿಪಡಿಸಿಕೊಂಡಿದ್ದ ಸಂಖ್ಯಾಶಾಸ್ತ್ರದ ಗೆರೆಯನ್ನು ಅದು ಸ್ವಲ್ಪದರಲ್ಲಿ ದಾಟಲಿಲ್ಲ. ಈ ಕಾರಣಕ್ಕೆ ಅಮೆರಿಕದ ಹೃದ್ರೋಗ ಸಂಘಗಳು ಎಲ್ಲರಿಗೂ ಪರೀಕ್ಷೆ ಕಡ್ಡಾಯವೆನ್ನುವುದಿಲ್ಲ. ಆದರೆ ಆ ಪ್ರಯೋಗ ನಡೆದದ್ದು ಅಮೆರಿಕ, ಕೆನಡಾ, ಮೆಕ್ಸಿಕೊ ಮತ್ತು ದಕ್ಷಿಣ ಕೊರಿಯಾಗಳಲ್ಲಿ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದಾದರೂ ನಿಷ್ಕ್ರಿಯ ಪ್ರತಿ ಇರುವ ನಮ್ಮಂಥವರ ವಿಷಯದಲ್ಲಿ, ಅಲ್ಲಿನ ‘ಅಗತ್ಯವಿಲ್ಲ’ ಎಂಬ ಮಾತನ್ನು ಹಾಗೆಯೇ ಎತ್ತಿ ಇಲ್ಲಿಗೆ ತರುವುದು ಸರಿಯಲ್ಲವೆಂದು ನಾನು ಬಲವಾಗಿ ನಂಬಿದ್ದೇನೆ.

ನಾನು ಯಾವ ಪರೀಕ್ಷೆಗಾದರೂ ಕೇಳುವ ಪ್ರಶ್ನೆ ಒಂದೇ: ವರದಿ ಹೀಗೆ ಬಂದರೆ ವೈದ್ಯರು ಏನನ್ನು ಬದಲಿಸುತ್ತಾರೆ? ನಿಮ್ಮ ತಂದೆಯವರ ವಿಷಯದಲ್ಲಿ ಅದಕ್ಕೆ ಸ್ಪಷ್ಟ ಉತ್ತರವಿದೆ. ಸ್ಟೆಂಟ್ ಹೊಸದು, ಕಾರಣ ಹೃದಯಾಘಾತ, ಜೊತೆಗೆ ಸಕ್ಕರೆ ಕಾಯಿಲೆ. ಈ ಕಿಣ್ವವನ್ನು ಅಷ್ಟಾಗಿ ನೆಚ್ಚದ ಟಿಕಾಗ್ರೆಲರ್ ಮತ್ತು ಪ್ರಾಸುಗ್ರೆಲ್ ಎಂಬ ಔಷಧಗಳು ಇವೆ. ಅವು ಎಲ್ಲರಿಗೂ ಹೊಂದುವುದಿಲ್ಲ. ರಕ್ತಸ್ರಾವದ ಸಂಭವ ಕ್ಲೊಪಿಡೊಗ್ರೆಲ್‌ಗಿಂತ ಹೆಚ್ಚು, ಹಿಂದೆ ಪಾರ್ಶ್ವವಾಯು ಆಗಿದ್ದವರಿಗೆ ಪ್ರಾಸುಗ್ರೆಲ್ ಕೊಡುವಂತಿಲ್ಲ, ಟಿಕಾಗ್ರೆಲರ್ ದಿನಕ್ಕೆರಡು ಬಾರಿ ನುಂಗಬೇಕಾದ ಮಾತ್ರೆಯಾಗಿದ್ದು ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ. ಇವನ್ನೆಲ್ಲ ತೂಗಿ ನೋಡಿ, ವರದಿ ಬಂದರೆ ಔಷಧ ಬದಲಿಸಲು ತಜ್ಞರು ಸಿದ್ಧರಿದ್ದಾರೆಂದರೆ ಪರೀಕ್ಷೆ ಖಂಡಿತ ಮಾಡಿಸಿ. ಈಗಾಗಲೇ ಟಿಕಾಗ್ರೆಲರ್ ತೆಗೆದುಕೊಳ್ಳುತ್ತಿರುವವರಿಗೆ ಅಥವಾ ಸ್ಟೆಂಟ್ ಹಾಕಿ ನಾಲ್ಕೈದು ವರ್ಷ ಕಳೆದು ಆಸ್ಪಿರಿನ್ ಒಂದರಲ್ಲೇ ಇರುವವರಿಗೆ ಇದೇ ಸಲಹೆಯನ್ನು ನಾನು ಕೊಡುವುದಿಲ್ಲ.

ವರದಿಯಲ್ಲಿ ‘ಸ್ಟಾರ್ 1/ಸ್ಟಾರ್ 2’ ಎಂಬಂಥ ಬರಹ ಇರುತ್ತದೆ. ಸ್ಟಾರ್ 2 ಎಂದರೆ ನಮ್ಮಲ್ಲಿ ಅತಿ ಸಾಮಾನ್ಯವಾದ ನಿಷ್ಕ್ರಿಯ ಪ್ರತಿ. ಸ್ಟಾರ್ 2/ಸ್ಟಾರ್ 2 ಎಂದಿದ್ದರೆ ಎರಡೂ ನಿಷ್ಕ್ರಿಯ. ಸ್ಟಾರ್ 1 ಎಂದರೆ ಪ್ರತಿ ಸರಿಯಾಗಿದೆ ಎಂದು ಓದುತ್ತೇವೆ, ಆದರೆ ಅದರ ನಿಜವಾದ ಅರ್ಥ, ಪ್ರಯೋಗಾಲಯ ಹುಡುಕಿದ ದೋಷಗಳಲ್ಲಿ ಯಾವುದೂ ಸಿಗಲಿಲ್ಲ ಎಂಬುದಷ್ಟೇ. ಎಷ್ಟು ದೋಷಗಳನ್ನು ಹುಡುಕಿದ್ದಾರೆ ಎಂಬುದನ್ನು ವರದಿಯ ಕೊನೆಯ ಸಣ್ಣಕ್ಷರದಲ್ಲಿ ನೋಡಿ.

ಇನ್ನೊಂದು ವಿಷಯವನ್ನು ಇವತ್ತೇ ಪರಿಶೀಲಿಸಿ, ಅದಕ್ಕೆ ಯಾವ ಖರ್ಚೂ ಇಲ್ಲ. ತಂದೆಯವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ‘ಗ್ಯಾಸ್ಟ್ರಿಕ್ ಮಾತ್ರೆ’ ತೆಗೆದುಕೊಳ್ಳುತ್ತಾರೆಯೇ? ಅದರ ಪಟ್ಟಿಯ ಹಿಂಬದಿಯಲ್ಲಿ ಒಮೆಪ್ರಜೋಲ್ ಅಥವಾ ಎಸೊಮೆಪ್ರಜೋಲ್ ಎಂದು ಬರೆದಿದ್ದರೆ ವೈದ್ಯರಿಗೆ ತಿಳಿಸಿ. ಇವೆರಡೂ ಅದೇ ಸಿವೈಪಿ2ಸಿ19 ಕಿಣ್ವವನ್ನು ತಡೆಯುತ್ತವೆ. ಹುಟ್ಟಿನಿಂದ ಸರಿಯಾಗಿರುವ ವಂಶವಾಹಿಯನ್ನೂ ಅವು ಅರೆಬರೆ ಕೆಲಸಕ್ಕೆ ಇಳಿಸಬಲ್ಲವು. ಪ್ಯಾಂಟೊಪ್ರಜೋಲ್‌ನಿಂದ ಈ ತೊಂದರೆ ಬಹಳ ಕಡಿಮೆ. ವೈದ್ಯರು ಬರೆದುಕೊಟ್ಟ ಮಾತ್ರೆ ಮುಗಿದಾಗ ಔಷಧಿ ಅಂಗಡಿಯಲ್ಲಿ ‘ಯಾವುದಾದರೂ ಗ್ಯಾಸ್ಟ್ರಿಕ್ ಮಾತ್ರೆ ಕೊಡಿ’ ಎಂದು ಕೇಳಿ ತರುವ ಅಭ್ಯಾಸ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ.

ಪ್ರಶ್ನೆ: ನಾವು ಆರ್ಯವೈಶ್ಯ ಸಮುದಾಯದವರು. ನನ್ನ ತಂಗಿಗೆ ಹೆರಿಗೆಯ ಶಸ್ತ್ರಚಿಕಿತ್ಸೆಯ ನಂತರ ಹಲವು ಗಂಟೆ ಸ್ವಂತ ಉಸಿರಾಟ ಬಾರದೆ ವೆಂಟಿಲೇಟರ್‌ನಲ್ಲಿ ಇಡಬೇಕಾಯಿತು. ಸ್ನಾಯು ಸಡಿಲಿಸಲು ಕೊಟ್ಟ ಚುಚ್ಚುಮದ್ದು ಅವಳಿಗೆ ಇಳಿಯಲಿಲ್ಲ ಎಂದರು. ಮುಂದಿನ ತಿಂಗಳು ನನ್ನ 11 ವರ್ಷದ ಮಗಳಿಗೆ ಟಾನ್ಸಿಲ್ ಶಸ್ತ್ರಚಿಕಿತ್ಸೆ ಇದೆ. ವಂಶವಾಹಿ ಪರೀಕ್ಷೆ ಮಾಡಿಸಲೇ?
— ಬಳ್ಳಾರಿಯ ಓದುಗರು

ಉತ್ತರ: ನಿಮ್ಮ ತಂಗಿಗೆ ಕೊಟ್ಟದ್ದು ಬಹುಶಃ ಸಕ್ಸಾಮೆಥೋನಿಯಂ; ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಅದನ್ನು ಸ್ಕೋಲಿನ್ ಎನ್ನುತ್ತಾರೆ. ಉಸಿರಾಟದ ಕೊಳವೆ ಹಾಕಲು ಅನುಕೂಲವಾಗುವಂತೆ ದೇಹದ ಸ್ನಾಯುಗಳನ್ನು ಅದು ಕ್ಷಣದಲ್ಲಿ ಸಡಿಲಿಸುತ್ತದೆ, ರಕ್ತದಲ್ಲಿರುವ ಬ್ಯೂಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಆ ಕಿಣ್ವ ಇಲ್ಲದವರಲ್ಲಿ ಅದೇ ಔಷಧ ಗಂಟೆಗಟ್ಟಲೆ ಉಳಿಯುತ್ತದೆ. ಈ ಕಿಣ್ವದ ಕೊರತೆ ಆರ್ಯವೈಶ್ಯ ಸಮುದಾಯದಲ್ಲಿ ಬೇರೆಡೆಗಿಂತ ಹೆಚ್ಚಾಗಿ ಕಾಣುತ್ತದೆ ಎಂಬುದು ದಕ್ಷಿಣ ಭಾರತದ ಅರಿವಳಿಕೆ ತಜ್ಞರಿಗೆ ಚೆನ್ನಾಗಿ ಗೊತ್ತು. ಅದಕ್ಕೆ ಕಾರಣವಾದ ವಂಶವಾಹಿ ಬದಲಾವಣೆಯನ್ನೂ ಗುರುತಿಸಲಾಗಿದೆ. ಇದು ಕಾಯಿಲೆಯಲ್ಲ. ಇಂಥವರು ಎಲ್ಲರಂತೆ ಆರೋಗ್ಯವಾಗಿಯೇ ಬದುಕುತ್ತಾರೆ. ಈ ಚುಚ್ಚುಮದ್ದಿನಂಥ ಒಂದೆರಡು ಔಷಧ ಬಿದ್ದಾಗ ಮಾತ್ರ ಕೊರತೆ ಹೊರಬೀಳುತ್ತದೆ.

ನಿಮ್ಮ ಮಗಳಿಗೆ ವಂಶವಾಹಿ ಪರೀಕ್ಷೆಗಾಗಿ ಕಾಯುವ ಅಗತ್ಯವಿಲ್ಲ. ರಕ್ತದಲ್ಲಿ ಕೋಲಿನೆಸ್ಟರೇಸ್ ಮಟ್ಟ ನೋಡುವ ಸರಳ ಪರೀಕ್ಷೆ ಸಾಕು. ಕೀಟನಾಶಕ ಸೇವಿಸಿದವರ ಚಿಕಿತ್ಸೆಗೆ ಇದೇ ಪರೀಕ್ಷೆ ಬೇಕಾಗುವುದರಿಂದ ನಮ್ಮ ದೊಡ್ಡ ಊರುಗಳ ಪ್ರಯೋಗಾಲಯಗಳಿಗೆ ಇದು ಹೊಸದಲ್ಲ. ತಂಗಿಗೆ ಎರಡೂ ಪ್ರತಿಗಳು ದೋಷವುಳ್ಳವಾಗಿದ್ದರೆ, ನಿಮಗೂ ಎರಡೂ ಬಂದಿರುವ ಸಂಭವ ನಾಲ್ಕರಲ್ಲಿ ಒಂದು, ಒಂದು ಮಾತ್ರ ಬಂದಿರುವ ಸಂಭವ ಎರಡರಲ್ಲಿ ಒಂದು. ಮಗಳಿಗೆ ಕೊರತೆ ಕಾಣಿಸಿಕೊಳ್ಳಬೇಕಾದರೆ ನಿಮ್ಮ ಪತಿಯ ಕಡೆಯಿಂದಲೂ ಒಂದು ಬರಬೇಕು. ಸೋದರಿಕೆಯಲ್ಲೇ ಮದುವೆಯಾಗಿದ್ದರೆ ಆ ಸಾಧ್ಯತೆ ಹೆಚ್ಚುತ್ತದೆ. ಗರ್ಭಿಣಿಯರಲ್ಲಿ ಕಿಣ್ವದ ಮಟ್ಟ ಸಹಜವಾಗಿಯೇ ಸ್ವಲ್ಪ ಇಳಿಯುವುದರಿಂದ, ತಂಗಿಯ ಮಟ್ಟವನ್ನು ಈಗ ಇನ್ನೊಮ್ಮೆ ಅಳೆಯುವುದು ಒಳ್ಳೆಯದು.

ಪರೀಕ್ಷೆಗಿಂತಲೂ ಮುಖ್ಯವಾದದ್ದು, ತಂಗಿಗೆ ಆದದ್ದನ್ನು ಅರಿವಳಿಕೆ ತಜ್ಞರಿಗೆ ಮೊದಲ ಭೇಟಿಯಲ್ಲೇ ಹೇಳುವುದು. ಅಷ್ಟು ತಿಳಿದರೆ ಅವರು ಸ್ಕೋಲಿನ್ ಬದಲು ಈ ಕಿಣ್ವದ ಹಂಗಿಲ್ಲದ ರೋಕ್ಯುರೋನಿಯಂನಂಥ ಔಷಧವನ್ನು ಬಳಸುತ್ತಾರೆ. ಒಮ್ಮೆ ನನ್ನ ಕೈಗೆ ಬಂದ ಕಡತದ ಮೇಲುಹಾಳೆಯಲ್ಲಿ ರೋಗಿಯ ಅಜ್ಜಿಯೇ ನೀಲಿ ಪೆನ್ನಿನಿಂದ ‘ಸ್ಕೋಲಿನ್ ಕೊಡಬೇಡಿ, ನನ್ನ ಮಗನಿಗೆ ಆಗಿಬಂದಿಲ್ಲ’ ಎಂದು ಬರೆದಿದ್ದರು. ಯಾವ ಪ್ರಯೋಗಾಲಯದ ವರದಿಯೂ ಅದಕ್ಕಿಂತ ಹೆಚ್ಚಿನದನ್ನು ನಮಗೆ ಹೇಳುತ್ತಿರಲಿಲ್ಲ. ನಿಮ್ಮ ಮನೆಯವರೆಲ್ಲರ ಬಳಿ ಅಂಥದೊಂದು ಚೀಟಿ ಇರಲಿ.

ಪ್ರಶ್ನೆ: ನನಗೆ 34 ವರ್ಷ, ಯಾವ ಕಾಯಿಲೆಯೂ ಇಲ್ಲ. ಆರೋಗ್ಯ ತಪಾಸಣೆಯ ಪ್ಯಾಕೇಜಿನಲ್ಲಿ ‘ನೂರಾರು ಔಷಧಗಳಿಗೆ ನಿಮ್ಮ ದೇಹದ ಪ್ರತಿಕ್ರಿಯೆ’ ತಿಳಿಸುವ ಪರೀಕ್ಷೆಯೂ ಇದೆ. ಒಮ್ಮೆ ಮಾಡಿಸಿದರೆ ಜೀವನಪೂರ್ತಿ ಉಪಯೋಗಕ್ಕೆ ಬರುವುದೇ?
— ಬೆಂಗಳೂರಿನ ಓದುಗರು

ಉತ್ತರ: ಮುಂಚಿತವಾಗಿ ಪರೀಕ್ಷಿಸುವ ವಿಚಾರ ಒಳ್ಳೆಯದೇ. ಯುರೋಪಿನ ಏಳು ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಿಪೇರ್ ಅಧ್ಯಯನದಲ್ಲಿ, 12 ವಂಶವಾಹಿಗಳನ್ನು ನೋಡಿ ಔಷಧ ಮತ್ತು ಪ್ರಮಾಣವನ್ನು ನಿರ್ಧರಿಸಿದಾಗ, ಚಿಕಿತ್ಸೆಗೆ ಸಂಬಂಧಿಸಿದ ಮಾಹಿತಿ ವರದಿಯಲ್ಲಿ ಸಿಕ್ಕ ರೋಗಿಗಳಲ್ಲಿ ಗಮನಾರ್ಹ ಅಡ್ಡಪರಿಣಾಮಗಳು ಶೇ 27.7ರಿಂದ ಶೇ 21ಕ್ಕೆ ಇಳಿದವು. ಆದರೆ ಅವರೆಲ್ಲರೂ ಯಾವುದೋ ಒಂದು ನಿರ್ದಿಷ್ಟ ಔಷಧವನ್ನು ಆರಂಭಿಸುತ್ತಿದ್ದ ರೋಗಿಗಳು. ಕ್ಯಾನ್ಸರಿಗೆ ಕ್ಯಾಪೆಸಿಟಾಬಿನ್ ಆರಂಭಿಸುವ ಮುನ್ನ ಡಿಪಿವೈಡಿ ವಂಶವಾಹಿಯನ್ನೂ, ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಾಥಿಯೋಪ್ರಿನ್ ಔಷಧ ಆರಂಭಿಸುವ ಮುನ್ನ ನುಡ್ಟ್15 ವಂಶವಾಹಿಯನ್ನೂ ನೋಡುವುದು ಜೀವ ಉಳಿಸಬಲ್ಲದು. ಆ ಸಂದರ್ಭ ಬಂದಾಗ ಬೇಕೇಬೇಕೆಂದು ವೈದ್ಯರನ್ನು ಕೇಳಿ. ಈಗ ನಿಮ್ಮ ಮುಂದೆ ಅಂಥ ನಿರ್ಧಾರವಿಲ್ಲ, ಆದ್ದರಿಂದ ಅವಸರವೂ ಇಲ್ಲ. ಮಾಡಿಸಲೇಬೇಕೆಂದಿದ್ದರೆ ವರದಿಯನ್ನು ವಿವರಿಸಲು ಪ್ರಯೋಗಾಲಯದಲ್ಲಿ ತಜ್ಞರಿದ್ದಾರೆಯೇ, ನಿಮ್ಮ ಮಾದರಿಯನ್ನೂ ಮಾಹಿತಿಯನ್ನೂ ಅವರು ಏನು ಮಾಡುತ್ತಾರೆ ಎಂಬುದನ್ನು ಸಹಿ ಹಾಕುವ ಮುನ್ನ ಕೇಳಿ ತಿಳಿದುಕೊಳ್ಳಿ.

ವಂಶವಾಹಿ ಬದಲಾಗುವುದಿಲ್ಲವಾದ್ದರಿಂದ ವರದಿ ಹಳತಾಗುವುದಿಲ್ಲ, ಅದರ ವ್ಯಾಖ್ಯಾನ ಮಾತ್ರ ಹೊಸ ಸಂಶೋಧನೆಗಳೊಂದಿಗೆ ಬದಲಾಗಬಹುದು. ಇದಕ್ಕೆ ಎರಡು ಅಪವಾದಗಳಿವೆ. ಅಸ್ಥಿಮಜ್ಜೆಯ ಕಸಿ ಆದವರ ರಕ್ತದಲ್ಲಿ ಸಿಗುವುದು ದಾನಿಯ ಡಿಎನ್ಎ. ಯಕೃತ್ತಿನ ಕಸಿ ಆದವರ ರಕ್ತದಲ್ಲಿ ಅವರದೇ ಡಿಎನ್ಎ ಇದ್ದರೂ, ಮಾತ್ರೆಯನ್ನು ಪರಿವರ್ತಿಸುವ ಕಿಣ್ವಗಳು ಮಾತ್ರ ದಾನಿಯವು. ಅಂಥವರು ಹಳೆಯ ವರದಿಯನ್ನು ತೋರಿಸುವಾಗ ಕಸಿಯ ವಿಷಯವನ್ನೂ ತಪ್ಪದೆ ಹೇಳಬೇಕು.