ಎಷ್ಟನೇ ಕಿಕ್ಕರ್ ಅಂತ ಕೇಳಿ

ಮೊನ್ನೆ ಇಲ್ಲಿ ಅಮೆರಿಕದಲ್ಲಿ, ಮಿನ್ನೆಸೋಟದ ಮೇಪಲ್ ಗ್ರೋವ್ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತಾಗ ಅರ್ಧ ಕೇಳಿದಿರಿ, ಉಳಿದರ್ಧ ರಾತ್ರಿ ಮೆಸೇಜಿನಲ್ಲಿ ಬಂತು. ಮಗ ಮೈಸೂರಿನಲ್ಲಿ ಸಾಕರ್ ಆಡುತ್ತಿದ್ದ. ಇಲ್ಲಿಗೆ ಬಂದ ಮೇಲೆ ಹೈಸ್ಕೂಲಿನವರು ಅವನ ಕಾಲು ನೋಡಿ ಫುಟ್‌ಬಾಲ್ ಟೀಮಿಗೆ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿಗೆ, ಕಿಕ್ಕರ್ (ಚೆಂಡು ಒದೆಯಲೆಂದೇ ಇರುವವನು) ಮಾಡಿದರು. ಈಗ ಮೂರು ಸಣ್ಣ ಕಾಲೇಜುಗಳ ಕೋಚ್‌ಗಳು ಕರೆಯುತ್ತಿದ್ದಾರೆ. ಸ್ಕಾಲರ್‌ಶಿಪ್ ಸಿಗುತ್ತದಾ? ಟೀಮಿನಲ್ಲಿ 130 ಹುಡುಗರಂತೆ, ಇವನಿಗೆ ಆಡಲು ಸಿಗುತ್ತದಾ? ರೈವಲ್ರಿ ಗೇಮ್, ಹಳೇ ವೈರಿಗಳ ಪಂದ್ಯ, ಅಂತ ಎಲ್ಲರೂ ಬಾಯ್ತುಂಬ ಹೇಳುತ್ತಾರಲ್ಲ, ಅದೇನು? ಅಕ್ಕ, ನಿಮ್ಮ ಮಗನೂ ಆಡಿದ್ದನಲ್ವಾ?

ಹೌದು, ಆಡಿದ. ಆಡಿದ ಅನ್ನುವುದಕ್ಕಿಂತ ನಾಲ್ಕು ವರ್ಷ ಯೂನಿಫಾರ್ಮ್ ಹಾಕಿದ ಅನ್ನಿ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ನೀವು ಹೇಳಿದ ಮೂರೂ ಡಿವಿಷನ್ 3 ಕಾಲೇಜುಗಳು, ಅಂದರೆ ಕಾಲೇಜು ಆಟದ ಮೂರು ದರ್ಜೆಗಳಲ್ಲಿ ಕೊನೆಯದು. ಡಿವಿಷನ್ 3ರಲ್ಲಿ ಆಟ ನೋಡಿ ಒಂದು ಡಾಲರ್ ಕೂಡ ಸ್ಕಾಲರ್‌ಶಿಪ್ ಕೊಡುವಂತಿಲ್ಲ, ಅದು ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮ. ಒಳ್ಳೆಯ ಪ್ಯಾಕೇಜ್ ಬರುತ್ತದೆ ಅಂತ ಕೋಚ್ ಹೇಳಿದರೆ ಅದು ಮಾರ್ಕ್ಸ್ ನೋಡಿ ಕೊಡುವ ಮೆರಿಟ್ ಹಣ. ಚೆಂಡನ್ನೇ ಮುಟ್ಟದ ಹುಡುಗನಿಗೂ ಅಷ್ಟೇ ಸಿಗುತ್ತದೆ. ನೀವು ಎಚ್-4 ವೀಸಾ (ಕೆಲಸದ ವೀಸಾದವರ ಮನೆಯವರಿಗೆ ಕೊಡುವುದು) ಅಂದಿರಿ. ಹಾಗಾದರೆ ಇಲ್ಲಿನ ಕೇಂದ್ರ ಸರಕಾರದ ಫೆಡರಲ್ ಸಹಾಯವೂ ಇಲ್ಲ. ಮಗನಿಗೆ 21 ತುಂಬಿದರೆ ಎಚ್-4 ಮುಗಿಯುತ್ತದೆ, ಅಷ್ಟರೊಳಗೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾ, ಮಾಡಿಸಿಕೊಳ್ಳಬೇಕು. ಇದನ್ನೆಲ್ಲ ಕೋಚ್ ಹತ್ತಿರ ಕೇಳಬೇಡಿ, ಪಾಪ ಅವರಿಗೆ ತಲೆಬುಡ ಗೊತ್ತಿರುವುದಿಲ್ಲ. ಹೊರದೇಶದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಆಫೀಸಿನಲ್ಲಿ ಕೇಳಿ.

ಈಗ ಆ 130ರ ಲೆಕ್ಕ. ಮೈದಾನದಲ್ಲಿ ಒಂದು ಸಲಕ್ಕೆ ಆಡುವವರು 11 ಜನ. ಅಫೆನ್ಸ್, ಡಿಫೆನ್ಸ್, ಒದೆಯುವವರು, ಗಾಯವಾದರೆ ಬದಲಿಗೆ ಇಳಿಯುವವರು ಎಲ್ಲ ಸೇರಿಸಿದರೂ 60 ಹುಡುಗರಲ್ಲಿ ಪಂದ್ಯ ನಡೆದುಹೋಗುತ್ತದೆ. ಹಾಗಾದರೆ ಉಳಿದ 70 ಜನ ಯಾಕೆ? ಅವರು ಫೀಸು ಕಟ್ಟುತ್ತಾರೆ, ಅದಕ್ಕೆ. ಸಾವಿರ, ಸಾವಿರದೈನೂರು ಮಕ್ಕಳಿರುವ ಕಾಲೇಜು, ಅದರಲ್ಲೂ ಹುಡುಗರು ಬರುವುದು ಕಡಿಮೆ. ಅಂಥಲ್ಲಿ ಫುಟ್‌ಬಾಲ್ ಟೀಮು ಅಂದರೆ ಅಡ್ಮಿಷನ್ ಆಫೀಸಿನ ಇನ್ನೊಂದು ಕೌಂಟರ್. ವರ್ಷಕ್ಕೆ ಇಷ್ಟು ಹುಡುಗರನ್ನು ಕರೆತರಬೇಕು ಅಂತ ಎಷ್ಟೋ ಕೋಚ್‌ಗಳ ತಲೆಯ ಮೇಲೆ ಲೆಕ್ಕ ಕೂತಿರುತ್ತದೆ. ಇದನ್ನು ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ‘ನಿನ್ನಂಥವನೇ ನಮಗೆ ಬೇಕು’ ಅನ್ನುವ ಮಾತನ್ನು ಅವರು ಇನ್ನೂ ನಲವತ್ತು ಮನೆಗಳಲ್ಲಿ ಹೇಳಿಬಂದಿರುತ್ತಾರೆ.

ನಾವು ನಂಬಿದೆವು. ಕಾಲೇಜು ನೋಡಲು ಹೋದ ದಿನ ಲಾಕರ್‌ನಲ್ಲಿ ಮಗನ ಹೆಸರು ಬರೆದ ಜರ್ಸಿ ತೂಗುಹಾಕಿದ್ದರು. ಯಜಮಾನರು ಅದರ ಫೋಟೋ ತೆಗೆದು ಶಿವಮೊಗ್ಗದ ತನಕ ಕಳಿಸಿದರು. ಮೊದಲ ವರ್ಷವೇ ಫೀಲ್ಡಿಗೆ ಇಳಿಯುತ್ತಾನೆ ಅಂದರು ಕೋಚ್. ಆಗಸ್ಟ್ ಕ್ಯಾಂಪಿಗೆ ಹೋದರೆ ಇವನ ಜಾಗಕ್ಕೆ, ಅಂದರೆ ಎಸೆದ ಚೆಂಡು ಹಿಡಿಯುವ ರಿಸೀವರ್ ಜಾಗಕ್ಕೆ, 14 ಹುಡುಗರು. ಬೇರೆ ಊರಿನಲ್ಲಿ ಪಂದ್ಯ ಇದ್ದರೆ ಎಲ್ಲರನ್ನೂ ಕರೆದೊಯ್ಯುವುದಿಲ್ಲ. ಬಸ್ಸಿನಲ್ಲಿ ಯಾರಿಗೆ ಜಾಗ ಅಂತ ಗುರುವಾರ ಸಂಜೆ ಲಾಕರ್ ರೂಮಿನ ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದರು. ಅದನ್ನು ಓದಿ ಬಂದು ಇವನು ಫೋನ್ ಮಾಡುತ್ತಿದ್ದ. ‘ಅಮ್ಮಾ, ಈ ವೀಕೆಂಡ್ ಮನೆಗೆ ಬರ್ತೀನಿ’ ಅಂದರೆ ಚೀಟಿಯಲ್ಲಿ ಹೆಸರಿಲ್ಲ ಅಂತ ಅರ್ಥ. ನಾನೂ ಏನೂ ಕೇಳುತ್ತಿರಲಿಲ್ಲ, ದೋಸೆಗೆ ನೆನೆಹಾಕುತ್ತಿದ್ದೆ.

ಎಲ್ಲ ಕಡೆ ಹೀಗೇ ಅಂತಲ್ಲ. ಪೂರ್ವ ಕರಾವಳಿಯಲ್ಲಿ ನೆಸ್ಕ್ಯಾಕ್ ಅಂತ ಒಂದು ಗುಂಪು ಇದೆ. ವಿಲಿಯಮ್ಸ್, ಆ್ಯಮ್‌ಹರ್ಸ್ಟ್, ಬೌಡನ್, ಮಿಡಲ್‌ಬರಿ, ಇಂಥ ಕಾಲೇಜುಗಳು. ಬಹಳ ವರ್ಷ ಅಲ್ಲಿ ಒಂದು ಟೀಮಿಗೆ 75 ಹುಡುಗರು ಅಂತ ಮಿತಿ ಇಟ್ಟುಕೊಂಡಿದ್ದರು. ಅಂಥ ಕಡೆ ಹೆಸರು ಬಂತು ಅಂದರೆ ಅದಕ್ಕೊಂದು ಬೆಲೆ. ಆದರೆ 75ರೊಳಗೆ ಕಿಕ್ಕರ್‌ಗೆ ಒಂದೋ ಎರಡೋ ಜಾಗ ಕೊಟ್ಟಾರು, ಅಷ್ಟೇ. ಅದೂ ಅಲ್ಲದೆ ಆ ಕಾಲೇಜುಗಳಲ್ಲಿ ಅಡ್ಮಿಷನ್ ಸಿಗುವುದೇ ಕಷ್ಟ. ಒಂದು ಟೀಮಿಗೆ 105 ಹುಡುಗರು ಅಂತ ಪೇಪರಿನಲ್ಲಿ ನೀವು ಓದಿದ ಮಿತಿ ಬೇರೆ ಕಥೆ. 2025ರ ಕೋರ್ಟ್ ಒಪ್ಪಂದದಿಂದ ಬಂದದ್ದು, ಡಿವಿಷನ್ 1ರ ದೊಡ್ಡವರ ವ್ಯವಹಾರ. ಅದಕ್ಕೂ ನಿಮ್ಮ ಮಗನಿಗೂ ಸಂಬಂಧವಿಲ್ಲ.

ಇದಕ್ಕೆ ಪೂರಾ ಉಲ್ಟಾ ನಮ್ಮ ಮಿನ್ನೆಸೋಟದಲ್ಲೇ ಒಬ್ಬರಿದ್ದರು. ಕಾಲೇಜ್‌ವಿಲ್‌ನ ಸೇಂಟ್ ಜಾನ್ಸ್ ಕಾಲೇಜಿನ ಜಾನ್ ಗಲಿಯಾರ್ಡಿ. 1953ರಿಂದ 2012ರ ತನಕ ಅಲ್ಲೇ ಕೋಚ್. ಒಟ್ಟು 489 ಪಂದ್ಯ ಗೆದ್ದರು, ಕಾಲೇಜು ಫುಟ್‌ಬಾಲಿನಲ್ಲಿ ಅಷ್ಟು ಗೆದ್ದವರು ಇನ್ನೊಬ್ಬರಿಲ್ಲ. ಅವರು ಆಡಲು ಬಂದ ಯಾವ ಹುಡುಗನನ್ನೂ ಟೀಮಿನಿಂದ ಕೈಬಿಡುತ್ತಿರಲಿಲ್ಲ. ಪ್ರಾಕ್ಟೀಸಿನಲ್ಲಿ ಟ್ಯಾಕಲ್, ಅಂದರೆ ಮೈಮೇಲೆ ಬಿದ್ದು ಕೆಡವುವುದು, ಮಾಡಿಸುತ್ತಿರಲಿಲ್ಲ, ಸೀಟಿ ಊದುತ್ತಿರಲಿಲ್ಲ. ಕೋಚ್ ಅನ್ನಬೇಡಿ, ಜಾನ್ ಅನ್ನಿ ಅನ್ನುತ್ತಿದ್ದರು. ನಮ್ಮ ಕಡೆ ಮೇಷ್ಟ್ರನ್ನು ಹೆಸರು ಹಿಡಿದು ಕರೆದಿದ್ದರೆ ಬೆನ್ನು ಚುರುಗುಟ್ಟುತ್ತಿತ್ತು! ದೊಡ್ಡ ರೋಸ್ಟರ್ (ಟೀಮಿನ ಹುಡುಗರ ಪಟ್ಟಿ) ಅಂದಕೂಡಲೇ ದುಡ್ಡಿನಾಸೆ ಅಂತ ಹೇಳಲು ನನಗೆ ಬಾಯಿ ಬಾರದಿರುವುದು ಇವರೊಬ್ಬರಿಂದ.

ರೈವಲ್ರಿ ಅಂತ ಕೇಳಿದಿರಲ್ಲ, ಸೇಂಟ್ ಜಾನ್ಸ್‌ಗೆ ಸೇಂಟ್ ಪಾಲ್ ಊರಿನ ಸೇಂಟ್ ಥಾಮಸ್ ಕಾಲೇಜು ಅಂದರೆ ಹಾವು ಮುಂಗುಸಿ. ಎರಡೂ ಕ್ಯಾಥಲಿಕ್ ಕಾಲೇಜುಗಳೇ, ದಾಯಾದಿ ಜಗಳ. 1901ರಿಂದ ನಡೆದದ್ದು. 2017ರಲ್ಲಿ ಮಿನ್ನಿಯಾಪೊಲಿಸ್‌ನ ಬೇಸ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಆಡಿಸಿದರೆ 37,355 ಜನ ಬಂದರು. ಸ್ಕಾಲರ್‌ಶಿಪ್ ಇಲ್ಲದ ಹುಡುಗರ ಆಟಕ್ಕೆ! ಆದರೆ ಅದೇ ವರ್ಷ ಸೇಂಟ್ ಥಾಮಸ್‌ನವರು ಸೇಂಟ್ ಓಲಫ್ ಟೀಮನ್ನು 97-0 ಹೊಡೆದರು. ಅವರ ಲೀಗಿನ ಉಳಿದ ಕಾಲೇಜುಗಳಿಗೆ ಸಾಕಾಗಿಹೋಯಿತು. ಸೇಂಟ್ ಥಾಮಸ್ ಮಿಕ್ಕವರಿಗಿಂತ ಬಹಳ ದೊಡ್ಡ ಕಾಲೇಜು, ಜತೆಗೆ ಎಲ್ಲ ಆಟದಲ್ಲೂ ಇವರೇ ಗೆಲ್ಲುತ್ತಿದ್ದರು. 2019ರಲ್ಲಿ ‘ನೀವು ಹೊರಡಿ’ ಅಂತ ಲೀಗಿನಿಂದಲೇ ಹೊರಗೆ ಹಾಕಿದರು. ಅವರು 2021ರಲ್ಲಿ ನೇರ ಡಿವಿಷನ್ 1ಕ್ಕೆ ಹಾರಿದರು. ದಾಯಾದಿಗಳ ಪಂದ್ಯವೂ ಅಲ್ಲಿಗೆ ನಿಂತುಹೋಯಿತು. ಆಸ್ತಿ ಪಾಲಾದ ಮೇಲೆ ಜಗಳಕ್ಕೂ ಗತಿಯಿಲ್ಲ ಅಂತಾರಲ್ಲ, ಹಾಗೆ ಸೇಂಟ್ ಜಾನ್ಸ್‌ನವರು ಈಗಲೂ ಕೊರಗುತ್ತಾರೆ.

ಆ ಸೇಂಟ್ ಓಲಫ್ ಇರುವ ನಾರ್ತ್‌ಫೀಲ್ಡ್‌ನಲ್ಲೇ ಕಾರ್ಲ್‌ಟನ್ ಕಾಲೇಜೂ ಇದೆ. ಪುಟ್ಟ ಊರು, ಎರಡು ಕಾಲೇಜು, ಗೆದ್ದವರಿಗೆ ಮರದ ಆಡು ಟ್ರೋಫಿ. 1977ರಲ್ಲಿ ಇವರಿಬ್ಬರೂ ಗಜ ಬಿಟ್ಟು ಮೀಟರ್ ಲೆಕ್ಕದಲ್ಲಿ ಒಂದು ಪಂದ್ಯ ಆಡಿದರು. ನೂರು ಮೀಟರ್ ಮೈದಾನ, ಹುಡುಗರ ತೂಕ ಕಿಲೋದಲ್ಲಿ. ಲೀಟರ್ ಬೌಲ್ ಅಂತ ಹೆಸರು. ಸೇಂಟ್ ಓಲಫ್ 43-0 ಗೆದ್ದಿತು. ಮೈಲಿ, ಪೌಂಡು ಅಂತ ಇಪ್ಪತ್ತೆರಡು ವರ್ಷದಿಂದ ಒದ್ದಾಡುತ್ತಿರುವ ನನಗೆ ಈ ಕಥೆ ಕೇಳಿ ಎಷ್ಟು ಖುಷಿಯಾಯಿತು ಗೊತ್ತಾ?

ನಮ್ಮವನ ಕಾಲೇಜಿಗೂ ಒಂದು ವೈರಿ ಕಾಲೇಜು ಇತ್ತು. ಆ ಪಂದ್ಯ ಇವರ ಮೈದಾನದಲ್ಲಿ ಆದರೆ ಚೀಟಿಯ ಗೊಡವೆಯಿಲ್ಲ, ಎಲ್ಲರೂ ಯೂನಿಫಾರ್ಮ್ ಹಾಕಿ ನಿಲ್ಲುತ್ತಾರೆ. ನಾಲ್ಕನೇ ವರ್ಷ, ನವೆಂಬರ್, ಮೂಗು ಬಿದ್ದುಹೋಗುವಂಥ ಚಳಿ. ಕೊನೆಯ ಹತ್ತು ನಿಮಿಷ ಇರುವಾಗ ಇವನನ್ನು ಮೂರು ಪ್ಲೇಗೆ (ಒಂದೊಂದೂ ಕೆಲವೇ ಸೆಕೆಂಡಿನ ಆಟ) ಇಳಿಸಿದರಂತೆ. ಅಂತೆ ಅಂದೆ, ಯಾಕೆಂದರೆ ನಾನು ಹಾಟ್ ಚಾಕಲೇಟ್ ಸಾಲಿನಲ್ಲಿದ್ದೆ. ಯಜಮಾನರು ವಿಡಿಯೋ ತೆಗೆದಿದ್ದಾರೆ, ಅದರಲ್ಲಿ ಮುಂದಿನ ಸಾಲಿನವರ ಟೋಪಿ ಚೆನ್ನಾಗಿ ಕಾಣುತ್ತದೆ. ಮಗನಿಗೆ ಇಪ್ಪತ್ತೆಂಟಾದರೂ ಆ ಮೂರು ಪ್ಲೇ ಬಗ್ಗೆ ಈಗಲೂ ಮಾತಾಡುತ್ತಾನೆ. ಆ 14 ಜನರಲ್ಲಿ ಇಬ್ಬರು ಅವನ ಮದುವೆಗೆ ಪಂಚೆ ಉಟ್ಟು ಬಂದಿದ್ದರು.

ಹಾಗಾಗಿ ಹೋಗಬೇಡ ಅನ್ನಬೇಡಿ. ಆದರೆ ಸೈನ್ ಹಾಕುವ ಮೊದಲು ಆ ಕಾಲೇಜಿನ ಸೈಟಿನಲ್ಲಿ ರೋಸ್ಟರ್ ತೆಗೆದು ಕಿಕ್ಕರ್‌ಗಳು ಎಷ್ಟು ಅಂತ ಎಣಿಸಿ. ಪಕ್ಕದಲ್ಲೇ ಯಾರು ಎಷ್ಟನೇ ವರ್ಷ ಅಂತ ಇರುತ್ತದೆ. ಇಬ್ಬರಿದ್ದು ಇಬ್ಬರೂ ಕೊನೆಯ ವರ್ಷದವರಾದರೆ ಒಳ್ಳೆಯದು. ಐದು ಜನ ಇದ್ದು ಮೂವರು ಈಗಷ್ಟೇ ಸೇರಿದವರಾದರೆ ಕೋಚ್ ಹತ್ತಿರ ಮುಚ್ಚುಮರೆ ಇಲ್ಲದೆ ಕೇಳಿ, ಇವನು ಎಷ್ಟನೆಯವನು ಅಂತ. ಬಸ್ಸಿನಲ್ಲಿ ಎಷ್ಟು ಕಿಕ್ಕರ್‌ಗಳು ಹೋಗುತ್ತಾರೆ, ಜೂನಿಯರ್ ಟೀಮಿಗೆ ಅಂತ ಭಾನುವಾರ, ಸೋಮವಾರ ಪಂದ್ಯ ಇಟ್ಟಿದ್ದಾರಾ, ಅದನ್ನೂ ಕೇಳಿ. ಪಂಟ್ ಮಾಡಲು, ಅಂದರೆ ಕೈಯಿಂದ ಬಿಟ್ಟ ಚೆಂಡನ್ನು ದೂರ ಒದೆಯಲು, ಈಗಿನಿಂದಲೇ ಕಲಿಯಲಿ, ಎರಡು ಕೆಲಸ ಬರುವವನಿಗೆ ಬಸ್ಸಿನಲ್ಲಿ ಬೇಗ ಜಾಗ ಸಿಗುತ್ತದೆ. ನಾವು ಇದೊಂದನ್ನೂ ಕೇಳಲಿಲ್ಲ. ದೊಡ್ಡವರ ಹತ್ತಿರ ಹಾಗೆಲ್ಲ ಕೇಳಬಾರದು ಅಂದುಕೊಂಡು ಸುಮ್ನೆ ತಲೆಯಾಡಿಸಿ ಬಂದೆವು.

ಅಕ್ಟೋಬರಿನಲ್ಲಿ ಒಂದು ಶನಿವಾರ ಕಾಲೇಜ್‌ವಿಲ್‌ಗೆ ಹೋಗೋಣ, ಅವನನ್ನೂ ಕರೆತನ್ನಿ. ಪುಳಿಯೋಗರೆ ನಾನು ತರುತ್ತೇನೆ. ನೀವು ಫ್ಲಾಸ್ಕಿನಲ್ಲಿ ಕಾಫಿ ತನ್ನಿ, ಎರಡು ಜತೆ ಸಾಕ್ಸ್ ಹಾಕಿಕೊಳ್ಳಿ. ಈ ಸಲ ನಾನು ಸೀಟು ಬಿಟ್ಟು ಏಳುವುದಿಲ್ಲ.