ಬೆಂಗಳೂರಿನ ತಾರಸಿಯಲ್ಲಿ ಸ್ಟ್ರಾಬೆರಿ ಬೆಳೆಯಬಹುದಾ? ಹಣ್ಣು ಯಾವಾಗ ಕೀಳಬೇಕು?

ಖಂಡಿತ ಬೆಳೆಯಬಹುದು. ಬೀಜದ ಗೋಜಿಗೆ ಹೋಗಬೇಡಿ, ನರ್ಸರಿಯಿಂದ ಸಸಿಯನ್ನೇ ತನ್ನಿ. ಅಕ್ಟೋಬರ್ ಹೊತ್ತಿಗೆ ನೆಡಿ, 8 ಇಂಚಿನ ಕುಂಡಕ್ಕೆ ಒಂದೇ ಸಸಿ. ಎಲೆಗಳು ಹುಟ್ಟುವ ನಡುವಿನ ಗಂಟು ಮಣ್ಣಿನ ಮಟ್ಟದಲ್ಲೇ ಇರಬೇಕು. ಮೊದಲ ಸಲ ನಾನು ಅದನ್ನು ಹೂತುಬಿಟ್ಟೆ, ನಾಲ್ಕು ಸಸಿ ಕೊಳೆತೇ ಹೋದವು. ಬಳ್ಳಿಯಂತೆ ಹೊರಡುವ ಕುಡಿಗಳನ್ನು ಕತ್ತರಿಸಿ, ಇಲ್ಲದಿದ್ದರೆ ಗಿಡದ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ. ಬುಡಕ್ಕೆ ಒಣಹುಲ್ಲು ಹಾಸಿ.

ಹೂ ಬಿಟ್ಟು ಸುಮಾರು ಒಂದು ತಿಂಗಳಿಗೆ ಹಣ್ಣು. ತುದಿ ಕೆಂಪಾಯಿತು ಅಂತ ಸುಮ್ನೆ ಕಿತ್ತುಬಿಡಬೇಡಿ. ಇದು ಮಾವಿನ ಹಾಗಲ್ಲ, ಕಿತ್ತ ಮೇಲೆ ಸಿಹಿ ಜಾಸ್ತಿ ಆಗುವುದಿಲ್ಲ. ತೊಟ್ಟಿನ ಹತ್ತಿರದ ಬಿಳುಪು ಪೂರ್ತಿ ಹೋಗಲಿ. ಹಾಗಂತ ಮರೆತುಬಿಟ್ಟರೆ ಅಳಿಲಿಗೆ ಹಬ್ಬ, ಅಲ್ವಾ! ಬೆಳಗ್ಗೆ ತಂಪಿನಲ್ಲೇ, ಎಳೆಯದೆ, ತೊಟ್ಟು ಸಮೇತ ಕತ್ತರಿಯಿಂದ ಕತ್ತರಿಸಿ. ತಿನ್ನುವ ಹೊತ್ತಿಗೆ ಮಾತ್ರ ತೊಳೆಯಿರಿ.