ಕಿಡ್ನಿ ತಜ್ಞರ ಬಳಿ ಹೋಗುವ ಮುಂಚೆ ಮಂಡಿನೋವಿನ ಮಾತ್ರೆ ಮುಚ್ಚಿಡಬೇಡಿ

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆ ಶ್ರೀನಿವಾಸಪುರದ ಹತ್ತಿರದ ಹಳ್ಳಿ. ಅಮ್ಮನಿಗೆ 58 ವರ್ಷ. 12 ವರ್ಷದಿಂದ ಶುಗರ್, ಬಿಪಿ ಎರಡೂ ಇವೆ. ಈಚೆಗೆ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) 2.1 ಬಂದಿದೆ. ಬೆಂಗಳೂರಿನ ಕಿಡ್ನಿ ತಜ್ಞರಿಗೆ ತೋರಿಸಿ ಎಂದಿದ್ದಾರೆ, ಮುಂದಿನ ವಾರ ಹೋಗಬೇಕು. ಏನೇನು ತಯಾರಿ ಬೇಕು? ಅಮ್ಮ ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತರಿಸಿ ನುಂಗುತ್ತಾರೆ. 'ಅದನ್ನ ಹೇಳಬೇಡ, ಬೈತಾರೆ' ಅನ್ನುತ್ತಾರೆ.

ಉತ್ತರ: ತಜ್ಞರಿಗೆ ಮೊದಲು ಹೇಳಬೇಕಾದ್ದೇ ಆ ಮಾತ್ರೆಯ ವಿಷಯ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನೇ ತಗ್ಗಿಸುತ್ತವೆ. ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಜೊತೆಗಿದ್ದರೆ ಪೆಟ್ಟು ಇನ್ನೂ ಜೋರು. ಇದನ್ನು ಮುಚ್ಚಿಟ್ಟರೆ ಡಾಕ್ಟರು ಎಲ್ಲವೂ ಶುಗರ್‌ನಿಂದಲೇ ಆಗಿದ್ದು ಎಂದುಕೊಳ್ಳಬಹುದು. ಹೇಳಿದರೆ, ನಿಲ್ಲಿಸಿ ನೋಡಿದಾಗ ಕ್ರಿಯಾಟಿನಿನ್ ಎಷ್ಟಾದರೂ ಇಳಿಯುತ್ತದೋ ಎಂದು ಪರೀಕ್ಷಿಸುವ ದಾರಿ ಸಿಗುತ್ತದೆ. ಅಲ್ಲಿವರೆಗೂ ಕಾಯಬೇಡಿ. ಇವತ್ತೇ ಈಗಿನ ಡಾಕ್ಟರಿಗೆ ಫೋನ್ ಮಾಡಿ, ಬದಲಿಗೆ ಪ್ಯಾರಾಸಿಟಮಾಲ್ ಕೊಡಬಹುದೇ ಕೇಳಿ. ಬಿಪಿ, ಶುಗರ್ ಮಾತ್ರೆಗಳನ್ನು ಮಾತ್ರ ನೀವಾಗೇ ನಿಲ್ಲಿಸಬೇಡಿ.

ಮಾತ್ರೆಗಳ ಹೆಸರು ಬರೆದುಕೊಂಡು ಹೋಗುವುದಕ್ಕಿಂತ ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿಕೊಳ್ಳಿ. ಖಾಲಿಯಾದ ಸ್ಟ್ರಿಪ್ಪೂ ಇರಲಿ. ನಾಟಿ ಔಷಧಿ, ಭಸ್ಮ, ಕಷಾಯ ಏನೇ ತಗೊಂಡಿದ್ದರೂ ಅದೂ ಬರಲಿ. ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಇರುತ್ತದೆ.

ಇನ್ನು ಹಳೆಯ ರಿಪೋರ್ಟುಗಳು. ಇವತ್ತಿನ 2.1 ಒಂದನ್ನೇ ನೋಡಿದರೆ ತಜ್ಞರಿಗೆ ಅರ್ಧ ಕಥೆಯೂ ಗೊತ್ತಾಗದು. ಎರಡು ವರ್ಷದ ಹಿಂದೆಯೇ 1.9 ಇದ್ದರೆ ನಿಧಾನವಾಗಿ ಏರಿದ್ದು, ಆರು ತಿಂಗಳ ಹಿಂದೆ 1.0 ಇದ್ದರೆ ಬೇಗನೆ ಏರಿದ್ದು, ಅದು ಬೇರೆಯೇ ಮಾತು. ತೊಂದರೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಇದೆಯೇ ಎಂಬುದರ ಮೇಲೆಯೇ ಅದು ದೀರ್ಘಕಾಲದ ಕಾಯಿಲೆಯೋ ಅಲ್ಲವೋ ತೀರ್ಮಾನವಾಗುವುದು. ಬೀರುವಿನಲ್ಲಿ, ಹಾಸಿಗೆ ಕೆಳಗೆ ಇರುವ ಚೀಟಿಗಳನ್ನೆಲ್ಲ ಹುಡುಕಿ ತಾರೀಖಿನ ಪ್ರಕಾರ ಜೋಡಿಸಿ. ಮೂತ್ರದ ಆಲ್ಬುಮಿನ್ (ಮೂತ್ರದಲ್ಲಿ ಸೋರುವ ಪ್ರೋಟೀನ್), ಹೊಟ್ಟೆಯ ಸ್ಕ್ಯಾನಿಂಗ್, ಕಣ್ಣಿನ ರೆಟಿನಾ ಪರೀಕ್ಷೆಯ ಚೀಟಿಗಳನ್ನು ಮೇಲಿಡಿ. ಹೋಗುವವರೆಗೆ ದಿನಾ ಬೆಳಗ್ಗೆ ಸಂಜೆ ಬಿಪಿ ನೋಡಿ ಬರೆದಿಡಿ.

ಖಾಲಿ ಹೊಟ್ಟೆಯಲ್ಲಿ ಬರಬೇಕಾ ಎಂದು ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಕೇಳಿ. ಬೆಳಗಿನ ಜಾವ ಐದಕ್ಕೆ ಬಸ್ ಹತ್ತಿದವರು ಮಧ್ಯಾಹ್ನದವರೆಗೂ ಉಪವಾಸ ಕೂರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕಿಡ್ನಿ ಸೋತಾಗ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಶುಗರ್ ದಿಢೀರನೆ ಇಳಿಯಬಹುದು. ಉಪವಾಸವಿರಬೇಕಾದರೆ ಅವತ್ತಿನ ಶುಗರ್ ಮಾತ್ರೆ, ಇನ್ಸುಲಿನ್ ಏನು ಮಾಡಬೇಕೆಂದು ಕೇಳಿಕೊಂಡು, ಬುತ್ತಿ, ಸಕ್ಕರೆ ಜೊತೆಗಿಟ್ಟುಕೊಳ್ಳಿ.

ಬಿಪಿಎಲ್ ಕಾರ್ಡ್ ಇದ್ದು ಸರ್ಕಾರಿ ಯೋಜನೆಯಲ್ಲಿ ಚಿಕಿತ್ಸೆ ಬೇಕಿದ್ದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ರೆಫರಲ್ ಪತ್ರದ ಬಗ್ಗೆ ಮೊದಲೇ ವಿಚಾರಿಸಿ.

ಕೇಳುವ ಪ್ರಶ್ನೆ ಮೂರೇ ಇರಲಿ, ಬರೆದುಕೊಳ್ಳಿ: ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ? ಯಾವ ಮಾತ್ರೆ ಬಿಡಬೇಕು? ಎಳನೀರು, ಹಣ್ಣು, ಉಪ್ಪು ಎಷ್ಟು? ಡಯಾಲಿಸಿಸ್ ಭಯ ಅಮ್ಮನ ಮನಸ್ಸಿನಲ್ಲಿದ್ದರೆ ಅದನ್ನು ಅವರೇ ಬಾಯಿಬಿಟ್ಟು ಕೇಳಲಿ, ನೀವು ಮಧ್ಯೆ ಮಾತಾಡಬೇಡಿ.

ಅಷ್ಟರೊಳಗೆ ಉಸಿರಾಟಕ್ಕೆ ಕಷ್ಟವಾದರೆ, ಮೂತ್ರ ತೀರಾ ಕಡಿಮೆಯಾದರೆ, ವಾಂತಿ ನಿಲ್ಲದಿದ್ದರೆ ಮುಂದಿನ ವಾರದವರೆಗೆ ಕಾಯದೆ ಅವತ್ತೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.